ಸಾಕುವುದು ಮತ್ತು ಸಾಕೆನ್ನುವುದು

ಮಕ್ಕಳ ಕೈಗೆ ಕೊಡುವ ಚಿತ್ರದ ಪುಸ್ತಕಗಳನ್ನು ವಿಮರ್ಶೆಯ ವಿಷಯವನ್ನಾಗಿ ಎಣಿಸುವ ವಾಡಿಕೆಯು ಕನ್ನಡದಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಮಹಾಕಾವ್ಯಕ್ಕೆ ಒಂದು ತಕ್ಕಡಿ, ನಾಟಕಕ್ಕೆ ಒಂದು ತಕ್ಕಡಿ. ಶಿಶುಸಾಹಿತ್ಯಕ್ಕಾದರೋ ತಕ್ಕಡಿಯೇ ಬೇಡ, ಮಕ್ಕಳು ನಕ್ಕರೆ ಅಷ್ಟೇ ಸಾಕು ಎಂಬುದು ಸಾಮಾನ್ಯವಾದ ಅಭಿಪ್ರಾಯ. ಮಕ್ಕಳು ನಗುವುದು ಸಣ್ಣ ಮಾತಲ್ಲವೆಂಬುದು ನಿಜ. ಆದರೆ ಅವರು ಯಾವುದಕ್ಕೆ ನಕ್ಕರು, ನಕ್ಕ ಮೇಲೆ ಅವರ ಮನಸ್ಸಿನಲ್ಲಿ ನಿಂತುದು ಏನು ಎಂದು ಕೇಳುವುದು ಅನುಚಿತವಲ್ಲ. ಪಂಜೆ ಮಂಗೇಶರಾಯರಾಗಲಿ ಜಿ. ಪಿ. ರಾಜರತ್ನಂ ಅವರಾಗಲಿ ಮಕ್ಕಳಿಗಾಗಿ ಬರೆಯುವಾಗ ತಮ್ಮ ವಿದ್ವತ್ತನ್ನು ಬಾಗಿಲ ಹೊರಗೆ ಬಿಟ್ಟು ಬಂದವರಲ್ಲ. ಅದನ್ನು ಮಗುವಿನ ಎತ್ತರಕ್ಕೆ ಬಾಗಿಸಿ ತಂದವರು. ಆದುದರಿಂದಲೇ ಅವರ ಪದ್ಯಗಳನ್ನು ಬಾಯಿಪಾಠ ಮಾಡಿದವರು ಮುದುಕರಾದ ಮೇಲೂ ಮರೆಯಲಿಲ್ಲ. ಹೊರನಾಡಿನಲ್ಲಿ ಇಂತಹ ಕೆಲಸವನ್ನು ಮಾಡಿದವರ ಕೃತಿಗಳನ್ನು ಆಗಾಗ ಎದುರಿಗೆ ಇಟ್ಟುಕೊಂಡು ನೋಡುವುದರಿಂದ ಕನ್ನಡದ ಶಿಶುಸಾಹಿತ್ಯಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಪ್ರಕೃತ ವಿಚಾರಕ್ಕೆ ವಸ್ತುವಾದ ಪುಸ್ತಕವು ಅಮೆರಿಕದ ಡಾಕ್ಟರ್ ಸೂಸ್ ಬರೆದು ಚಿತ್ರಿಸಿದ ‘ವಾಟ್ ಪೆಟ್ ಶುಡ್ ಐ ಗೆಟ್’ ಎಂಬುದು. ಯಾವ ಪ್ರಾಣಿಯನ್ನು ಸಾಕಲಿ ಎಂಬುದು ಹೆಸರಿನ ತಾತ್ಪರ್ಯ. ಡಾಕ್ಟರ್ ಸೂಸ್ ಎಂಬುದು ಲೇಖನನಾಮ; ನಿಜವಾದ ಹೆಸರು ಥಿಯೊಡರ್ ಸೂಸ್ ಗೈಸೆಲ್. ಆತನು 1904ರಲ್ಲಿ ಮ್ಯಾಸಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿ, 1991ರಲ್ಲಿ ಕ್ಯಾಲಿಫೋರ್ನಿಯದ ಲಾ ಹೊಯಾದಲ್ಲಿ ತೀರಿಕೊಂಡನು. ಹುಟ್ಟಿದ ಊರಿನ ಉದ್ಯಾನದಲ್ಲಿ ಒಂದು ಮೃಗಶಾಲೆಯಿದ್ದು, ಮುಂದೆ ಆತನ ತಂದೆಯೇ ಅಲ್ಲಿಯ ಉದ್ಯಾನಗಳ ಮೇಲ್ವಿಚಾರಕನಾದನು. ಬಾಲ್ಯದಿಂದ ಪ್ರಾಣಿಗಳನ್ನು ನೋಡಿ ಗೀಚುತ್ತಿದ್ದ ಕೈ ಇದು. ಆತನಿಗೆ ಸ್ವಂತ ಮಕ್ಕಳಿರಲಿಲ್ಲ. ಆದರೂ ಇಂಗ್ಲಿಷು ಓದುವ ಮಕ್ಕಳಲ್ಲಿ ಆತನ ಪರಿಚಯವಿಲ್ಲದವರು ವಿರಳ.

ಈ ಪುಸ್ತಕವು ಪ್ರಕಟವಾದುದು 2015ರ ಜುಲೈ 28ರಂದು, ಅಂದರೆ ಗ್ರಂಥಕರ್ತನು ಗತಿಸಿ ಇಪ್ಪತ್ತುಮೂರು ವರ್ಷಗಳಾದ ಮೇಲೆ. ಆತನ ಮರಣದ ತರುವಾಯ ಮನೆಯಲ್ಲಿದ್ದ ಕಾಗದಪತ್ರಗಳನ್ನು ಒಂದು ಪೆಟ್ಟಿಗೆಗೆ ಸೇರಿಸಿ ಎತ್ತಿಟ್ಟಿದ್ದರು. 2013ರಲ್ಲಿ ಪತ್ನಿ ಆಡ್ರಿ ಗೈಸೆಲ್ ಆ ಪೆಟ್ಟಿಗೆಯನ್ನು ಮತ್ತೆ ತೆರೆಯಿಸಿದಾಗ ಕಪ್ಪು ಬಿಳುಪಿನ ಹದಿನಾರು ಚಿತ್ರಪತ್ರಗಳೂ, ಅವುಗಳ ಮೇಲೆ ಅಂಟಿಸಿದ್ದ ಬೆರಳಚ್ಚಿನ ಪದ್ಯಗಳ ತುಂಡುಗಳೂ ದೊರೆತವು. ಕೆಲವೆಡೆಗಳಲ್ಲಿ ಒಂದು ತುಂಡಿನ ಮೇಲೆ ಮತ್ತೊಂದನ್ನು ಅಂಟಿಸಿ ಪಾಠವನ್ನು ತಿದ್ದಿದ್ದಿತು. ಆತನೊಡನೆ ನೇರವಾಗಿ ಕೆಲಸಮಾಡಿ ಬಲ್ಲ ಕ್ಯಾಥಿ ಗೋಲ್ಡ್‌ಸ್ಮಿತ್ ಎಂಬ ಕಲಾನಿರ್ದೇಶಕಿಯು ಚಿತ್ರಗಳಿಗೆ ಬಣ್ಣವನ್ನು ನಿರ್ಣಯಿಸಿ, ಪಾಠವನ್ನು ಸಿದ್ಧಪಡಿಸಿದಳು. ರ್‍ಯಾಂಡಮ್ ಹೌಸ್ ಸಂಸ್ಥೆಯವರು ಮೊದಲ ಮುದ್ರಣದಲ್ಲಿಯೇ ಹತ್ತು ಲಕ್ಷ ಪ್ರತಿಗಳನ್ನು ಅಚ್ಚುಹಾಕಿಸಿದರು. ಬರೆದ ಕಾಲವನ್ನು 1958ರಿಂದ 1962ರ ನಡುವೆ ಎಂದು ಪ್ರಕಾಶಕರು ಊಹಿಸಿದ್ದಾರೆ. 1960ರಲ್ಲಿ ಹೊರಬಂದ ‘ಒನ್ ಫಿಶ್ ಟೂ ಫಿಶ್ ರೆಡ್ ಫಿಶ್ ಬ್ಲೂ ಫಿಶ್’ ಎಂಬ ಪುಸ್ತಕದಲ್ಲಿ ಕಾಣುವ ಅಣ್ಣತಂಗಿಯರೇ ಇಲ್ಲಿಯೂ ಇರುವುದು ಈ ಊಹೆಗೆ ಆಧಾರ.

ಆ ಕಾಲವು ಗ್ರಂಥಕರ್ತನ ಜೀವನದಲ್ಲಿ ವಿಶೇಷವಾದುದು. 1954ರಲ್ಲಿ ಜಾನ್ ಹರ್ಸಿ ಎಂಬ ಲೇಖಕನು ‘ಲೈಫ್’ ಪತ್ರಿಕೆಯಲ್ಲಿ, ಶಾಲೆಯ ವಾಚನಪುಸ್ತಕಗಳು ನೀರಸವಾಗಿರುವುದರಿಂದಲೇ ಮಕ್ಕಳು ಓದು ಕಲಿಯುತ್ತಿಲ್ಲವೆಂದು ಆಕ್ಷೇಪಿಸಿದನು. ಅದರ ಪರಿಣಾಮವಾಗಿ ಗೈಸೆಲನಿಗೆ ಒಂದು ಶಬ್ದಪಟ್ಟಿಯನ್ನು ಕೊಟ್ಟು, ಅದರ ಮಿತಿಯೊಳಗೆ ಮಕ್ಕಳು ಕೆಳಗಿಡಲಾರದಂತಹ ಪುಸ್ತಕವನ್ನು ಬರೆಯಬೇಕೆಂದು ಕೇಳಿದರು. 236 ಬೇರೆಬೇರೆ ಶಬ್ದಗಳಲ್ಲಿ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ ಸಿದ್ಧವಾಗಿ 1957ರಲ್ಲಿ ಪ್ರಕಟವಾಯಿತು. 1960ರ ‘ಗ್ರೀನ್ ಎಗ್ಸ್ ಆಂಡ್ ಹ್ಯಾಮ್’ ಎಂಬುದರಲ್ಲಿ ಶಬ್ದಗಳು ಬರಿಯ 50. ಶಬ್ದದ ಕಟ್ಟುಪಾಡನ್ನು ಮೈಮೇಲೆ ಎಳೆದುಕೊಂಡು, ಅದರಿಂದಲೇ ವಿನೋದವನ್ನು ಹಿಂಡಿದ ವರ್ಷಗಳು ಅವು. ಪ್ರಕೃತ ಕೃತಿಯೂ ಆ ಗರಡಿಯಲ್ಲಿಯೇ ಸಾಧನೆ ಮಾಡಿದ ಕೃತಿ.

ಕಥೆಯೆಂದು ಹೇಳುವಷ್ಟು ಕಥೆ ಇದರಲ್ಲಿಲ್ಲ. ಒಬ್ಬ ಹುಡುಗನೂ ಅವನ ತಂಗಿಯೂ ಪ್ರಾಣಿಗಳನ್ನು ಮಾರುವ ಅಂಗಡಿಗೆ ಹೋಗುತ್ತಾರೆ. ಹಣವನ್ನು ಕೊಡಲು ತಂದೆ ಒಪ್ಪಿದ್ದಾನೆ. ಆದರೆ ಒಂದೇ ಒಂದು ಪ್ರಾಣಿಯನ್ನು ತರಬೇಕೆಂಬುದು ನಿಯಮ. ಮಧ್ಯಾಹ್ನದೊಳಗೆ ಮನೆಗೆ ಮರಳಬೇಕೆಂಬುದು ಇನ್ನೊಂದು ನಿಯಮ. ಅಂಗಡಿಯಲ್ಲಿ ನಾಯಿಯೂ ಬೆಕ್ಕೂ ಮೊದಲು ಕಣ್ಣಿಗೆ ಬೀಳುತ್ತವೆ. ಆಮೇಲೆ ನಾಯಿಮರಿ, ಬೆಕ್ಕಿನ ಮರಿ, ಹಕ್ಕಿ, ಮೊಲ, ಮೀನು. ಒಂದನ್ನು ನೋಡಿ ಇದೇ ಆಗಲಿ ಎನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಇರುವ ಪ್ರಾಣಿಗಳಲ್ಲಿ ಮನಸ್ಸು ನಿಲ್ಲದೆ, ಇಲ್ಲದ ಪ್ರಾಣಿಗಳ ಕಡೆಗೂ ಹಾರುತ್ತದೆ: ದಾರದ ತುದಿಗೆ ಕಟ್ಟಿದ ಒಂದು ವಸ್ತು, ಇಡಲು ಡೇರೆಯೇ ಬೇಕಾಗುವ ಒಂದು ವಿಚಿತ್ರ ಜಂತು. ನಡುನಡುವೆ ಮನಸ್ಸನ್ನು ನಿಶ್ಚಯಿಸಿಕೊಳ್ಳಿರಿ ಎಂಬ ದೊಡ್ಡಕ್ಷರದ ಪಟವನ್ನು ಎತ್ತಿ ಹಿಡಿದು ವಿಕಾರರೂಪದ ಪ್ರಾಣಿಗಳು ಪುಟದಲ್ಲಿ ಹಾದುಹೋಗುತ್ತವೆ. ಆರಿಸದಿದ್ದರೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆಂಬ ಎಚ್ಚರ ಹುಡುಗನಿಗೆ ಬರುತ್ತದೆ. ಅವನು ಥಟ್ಟನೆ ಒಂದನ್ನು ಆರಿಸುತ್ತಾನೆ. ಕೊನೆಯ ಚಿತ್ರದಲ್ಲಿ ಮಕ್ಕಳು ಬುಟ್ಟಿಯನ್ನು ಹೊತ್ತು ಮನೆಗೆ ನಡೆಯುತ್ತಿದ್ದಾರೆ. ಬುಟ್ಟಿಯ ಒಳಗಿಂದ ಎರಡು ಕಣ್ಣುಗಳು ಮಾತ್ರ ಹೊರಗೆ ನೋಡುತ್ತಿವೆ. ಅವು ಯಾವ ಪ್ರಾಣಿಯ ಕಣ್ಣುಗಳೆಂಬುದನ್ನು ಪುಸ್ತಕವು ಹೇಳುವುದಿಲ್ಲ.

ಹಾಸ್ಯಕ್ಕೆ ವಿಕೃತವಾದ ಆಕಾರ, ವೇಷ, ಚೇಷ್ಟೆಗಳು ಕಾರಣವೆಂದು ಭರತಮುನಿಯ ಶಾಸ್ತ್ರವು ಹೇಳುತ್ತದೆ. ಅದರಂತೆಯೇ ಸ್ಮಿತದಿಂದ ಅತಿಹಸಿತದವರೆಗೆ ನಗುವಿನಲ್ಲಿ ಆರು ಭೇದಗಳನ್ನು ಎಣಿಸುತ್ತದೆ. ಡಾಕ್ಟರ್ ಸೂಸನ ಪ್ರಸಿದ್ಧ ಕೃತಿಗಳಲ್ಲಿ ವಿಕೃತಾಕಾರದ ಹಾಸ್ಯವೇ ಹೆಚ್ಚು. ಟೋಪಿಯ ಬೆಕ್ಕು ಮನೆಯನ್ನೆಲ್ಲ ತಲೆಕೆಳಗು ಮಾಡುವಾಗ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಲ್ಲಿ ಅಂತಹ ಉತ್ಪಾತವೊಂದೂ ನಡೆಯುವುದಿಲ್ಲ. ಇಲ್ಲಿಯ ನಗುವು ಸ್ಮಿತ ಹಸಿತಗಳ ಮಟ್ಟವನ್ನು ದಾಟುವುದು ಅಪೂರ್ವ. ಅದಕ್ಕೆ ಕಾರಣವೂ ಹೊರಗಿನ ವಿಕಾರವಲ್ಲ, ಒಳಗಿನ ಚಾಂಚಲ್ಯ. ಸಂಚಾರಿಭಾವಗಳಲ್ಲಿ ಔತ್ಸುಕ್ಯವೆಂದೂ ವಿತರ್ಕವೆಂದೂ ಆಲಂಕಾರಿಕರು ಎಣಿಸಿದ ಎರಡನ್ನು ಗ್ರಂಥಕರ್ತನು ಜೊತೆಗೂಡಿಸಿ ಓಡಿಸಿದ್ದಾನೆ. ಬೇಕು ಎಂಬ ತವಕ ಒಂದು ಕಡೆ, ಯಾವುದು ಎಂಬ ತರ್ಕ ಇನ್ನೊಂದು ಕಡೆ. ತವಕವು ಎಳೆದಷ್ಟೂ ತರ್ಕವು ಕಾಲನ್ನು ಹಿಡಿಯುತ್ತದೆ. ರಾಜಸಭೆಯಲ್ಲಿ ಮಂತ್ರಿಗಳು ಸಂಧಿವಿಗ್ರಹಗಳನ್ನು ಚರ್ಚಿಸುವ ಗಾಂಭೀರ್ಯದಿಂದ ಇಬ್ಬರು ಮಕ್ಕಳು ಮೊಲವೋ ಮೀನೋ ಎಂದು ಚರ್ಚಿಸುತ್ತಾರೆ. ನೋಡುವವನಿಗೆ ನಗು, ಚರ್ಚಿಸುವವರಿಗೆ ಸಂಕಟ. ಮಗುವಿನ ಸಂಕಟವನ್ನು ಗೇಲಿಮಾಡದೆ ಅದರಿಂದ ನಗುವನ್ನು ತೆಗೆದಿರುವುದು ಈ ಕೃತಿಯ ಮೊದಲನೆಯ ಗುಣ.

ಎರಡನೆಯ ಗುಣವು ಪದ್ಯದ ನಡೆ. ಡಾಕ್ಟರ್ ಸೂಸನಿಗೆ ಪ್ರಿಯವಾದ ಛಂದಸ್ಸನ್ನು ಇಂಗ್ಲಿಷಿನಲ್ಲಿ ಅನಾಪೆಸ್ಟ್ ಎನ್ನುತ್ತಾರೆ. ಎರಡು ಹಗುರವಾದ ಅಕ್ಷರಗಳ ಬಳಿಕ ಊರಿ ಹೇಳುವ ಒಂದು ಅಕ್ಷರ ಬರುವುದು ಅದರ ಲಕ್ಷಣ. ಸಂಸ್ಕೃತ ಛಂದಸ್ಸನ್ನು ಬಲ್ಲವರಿಗೆ ಇದರಲ್ಲಿ ಸಗಣದ ಪರಿಚಯವಾಗುತ್ತದೆ: ಲಘು, ಲಘು, ಗುರು. ಸಾಲಿಗೆ ನಾಲ್ಕು ಸಗಣಗಳು ಬಂದರೆ ಅದು ತೋಟಕವೃತ್ತ. ಶಂಕರಾಚಾರ್ಯರ ಶಿಷ್ಯರಾದ ತೋಟಕಾಚಾರ್ಯರ ಅಷ್ಟಕವನ್ನು ಕೇಳಿದವರ ಕಿವಿಯಲ್ಲಿ ಆ ಕುದುರೆಯ ನಡೆ ಇದ್ದೇ ಇರುತ್ತದೆ. ಇಂಗ್ಲಿಷಿನಲ್ಲಿ ಅಳತೆಯು ಉಚ್ಚಾರಣೆಯ ಒತ್ತಿನದು, ಸಂಸ್ಕೃತದಲ್ಲಿ ಕಾಲದ್ದು. ಈ ಭೇದವನ್ನು ಮರೆಯಲಾಗದು. ಆದರೂ ನಡೆಯ ಸಾಮ್ಯವು ಕಿವಿಗೆ ಸ್ಪಷ್ಟ. ಸ್ತೋತ್ರದಲ್ಲಿ ಭಕ್ತಿಯನ್ನು ಮುಂದೊತ್ತುವ ನಡೆಯೇ ಶಿಶುಪದ್ಯದಲ್ಲಿ ಕುತೂಹಲವನ್ನು ಮುಂದೊತ್ತುತ್ತದೆ. ಪ್ರಕೃತ ಪುಸ್ತಕದಲ್ಲಿ ಸಾಲುಗಳು ಇನ್ನೂ ಚಿಕ್ಕವು. ಮಾತುಗಳು ಬಹುಮಟ್ಟಿಗೆ ಒಂದೇ ಉಚ್ಚಾರಾಂಶದವು. ಹೊಸದಾಗಿ ಓದು ಕಲಿತ ಮಗುವು ಒಂದು ಸಾಲನ್ನು ಎಡವದೆ ದಾಟಿ, ಪ್ರಾಸದ ಬಲದಿಂದ ಮುಂದಿನ ಸಾಲಿನ ಕೊನೆಯನ್ನು ತಾನಾಗಿಯೇ ಊಹಿಸಬಲ್ಲುದು. ಊಹೆಯು ನಿಜವಾದಾಗ ಮಗುವಿಗೆ ಆಗುವ ಹಿಗ್ಗನ್ನು ಲೆಕ್ಕಕ್ಕೆ ತೆಗೆದುಕೊಂಡೇ ಪದ್ಯವನ್ನು ಕಟ್ಟಿದೆ.

ಇನ್ನು ದೋಷಗಳ ವಿಚಾರ. ಆದರ್ಶವಾದ ಸೂಸ್ ಕೃತಿಯಲ್ಲಿ ಕಲ್ಪನೆಯು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುತ್ತ, ಇನ್ನು ಏರಲಾರದೆಂದು ತೋರಿದಾಗ ಮತ್ತೊಂದು ಮೆಟ್ಟಿಲನ್ನು ತೋರಿಸುತ್ತದೆ. 1950ರಲ್ಲಿ ಪ್ರಕಟವಾದ ‘ಇಫ್ ಐ ರ್‍ಯಾನ್ ದಿ ಜೂ’ ಎಂಬುದರಲ್ಲಿ ಒಬ್ಬ ಹುಡುಗನು ಮೃಗಶಾಲೆಯ ಸಿಂಹ ಹುಲಿಗಳನ್ನೆಲ್ಲ ಬಿಟ್ಟುಬಿಟ್ಟು, ಯಾರೂ ಕಂಡಿರದ ಪ್ರಾಣಿಗಳನ್ನು ಲೋಕದ ಮೂಲೆಮೂಲೆಗಳಿಂದ ತರಿಸುವ ಕನಸು ಕಾಣುತ್ತಾನೆ. ಆ ಕನಸಿಗೆ ಅಂಕೆಯಿಲ್ಲ. ಅಂಕೆಯಿಲ್ಲದುದರ ದೋಷವೂ ಅದಕ್ಕೆ ತಟ್ಟಿತು: ದೂರದೇಶದ ಜನರನ್ನು ಅಪಹಾಸ್ಯವಾಗುವಂತೆ ಚಿತ್ರಿಸಿದ ಕಾರಣ 2021ರಲ್ಲಿ ಆತನ ಕೃತಿಗಳ ಹಕ್ಕನ್ನು ಹೊಂದಿದ ಸಂಸ್ಥೆಯವರೇ ಅದನ್ನೂ ಇನ್ನು ಐದು ಪುಸ್ತಕಗಳನ್ನೂ ಮತ್ತೆ ಅಚ್ಚುಮಾಡುವುದಿಲ್ಲವೆಂದು ಪ್ರಕಟಿಸಿದರು. ಪ್ರಕೃತ ಕೃತಿಯಲ್ಲಿ ಅಂತಹ ಕಳಂಕವಿಲ್ಲ; ಆ ಏರುವ ಕಲ್ಪನೆಯೂ ಇಲ್ಲ. ಕಲ್ಪಿತ ಪ್ರಾಣಿಗಳು ಎರಡು ಮೂರು ಬಂದು, ರಂಗಸ್ಥಳವನ್ನು ಇಣಿಕಿ ನೋಡಿ, ಮರಳುತ್ತವೆ. ಅವು ಮೈಚಾಚುವ ಮೊದಲೇ ಅಂಗಡಿಯ ಸಾಮಾನ್ಯ ಪ್ರಾಣಿಗಳು ಹಿಂದಿರುಗುತ್ತವೆ. ‘ಒನ್ ಫಿಶ್’ ಪುಸ್ತಕದಲ್ಲಿ ಇದೇ ಅಣ್ಣತಂಗಿಯರ ಮನೆಯೊಳಗೆ ವಿಚಿತ್ರ ಜೀವಿಗಳು ಒಂದಾದ ಮೇಲೊಂದು ಹೇಳದೆ ಕೇಳದೆ ನುಗ್ಗುವ ಸಮೃದ್ಧಿಯನ್ನು ಕಂಡವರಿಗೆ ಇಲ್ಲಿಯದು ಬಡತನವೆಂದು ತೋರಿದರೆ ಆಶ್ಚರ್ಯವಿಲ್ಲ. ಗ್ರಂಥಕರ್ತನು ಇದನ್ನು ಬದಿಗಿಟ್ಟು ಆ ಪುಸ್ತಕವನ್ನು ಬರೆದಿರಬೇಕೆಂದು ಕೆಲವರು ಊಹಿಸುವುದು ಯುಕ್ತವಾಗಿಯೇ ಇದೆ.

ಎರಡನೆಯ ದೋಷವು ತಂಗಿಯ ಪಾತ್ರಕ್ಕೆ ಸಂಬಂಧಿಸಿದುದು. ಆರಂಭದಲ್ಲಿ ಬಯಕೆಯು ಇಬ್ಬರದು. ಅಂಗಡಿಗೆ ಹೋಗುವವರೂ ಇಬ್ಬರು. ಅಣ್ಣನಿಗೆ ಒಂದು ಪ್ರಾಣಿ ಹಿಡಿಸಿದರೆ ತಂಗಿಗೆ ಮತ್ತೊಂದು. ಈ ಭಿನ್ನಾಭಿಪ್ರಾಯದಿಂದ ನಾಟಕವು ಬೆಳೆಯಬಹುದಾಗಿತ್ತು. ಆದರೆ ನಿರ್ಣಯದ ಗಳಿಗೆಯಲ್ಲಿ ಮಾತು ಏಕವಚನಕ್ಕೆ ಇಳಿಯುತ್ತದೆ. ಹುಡುಗನು ತನ್ನ ತಲೆಯೊಳಗಿನ ಮನಸ್ಸನ್ನು ತಾನು ಗಟ್ಟಿಮಾಡಿಕೊಂಡು ಆರಿಸಿಬಿಡುತ್ತಾನೆ; ತಂಗಿಯ ಮತವನ್ನು ಕೇಳಿದಂತೆ ಕಾಣುವುದಿಲ್ಲ. ಇಬ್ಬರು ಸೇರಿ ಸಾಕಬೇಕಾದ ಪ್ರಾಣಿಯನ್ನು ಒಬ್ಬನು ಗೊತ್ತುಮಾಡುವುದು ಮನೆಗಳಲ್ಲಿ ನಡೆಯದ ಸಂಗತಿಯಲ್ಲ. ಆದರೆ ಅದು ನಡೆದುದರ ಅರಿವು ಕೃತಿಗೆ ಇದ್ದಿದ್ದರೆ ಇನ್ನೊಂದು ನಗುವೋ ಇನ್ನೊಂದು ಜಗಳವೋ ಹುಟ್ಟುತ್ತಿತ್ತು. ತಿದ್ದುಪಡಿಯು ಮುಗಿಯದ ಹಸ್ತಪ್ರತಿಯ ಗುರುತು ಇಲ್ಲಿ ಉಳಿದಿದೆ.

ಮೂರನೆಯದು ಕಾವ್ಯದೋಷವಲ್ಲ, ಕಾಲದೋಷ. ಈ ಮಕ್ಕಳಿಗೆ ಪ್ರಾಣಿಯು ದೊರೆಯುವ ಸ್ಥಳ ಅಂಗಡಿ. ಐವತ್ತು ಅರವತ್ತರ ದಶಕಗಳ ಅಮೆರಿಕದಲ್ಲಿ ಅದು ಸಹಜವಾಗಿತ್ತು. ಪುಸ್ತಕವು ಪ್ರಕಟವಾಗುವ ಹೊತ್ತಿಗೆ ಅಲ್ಲಿಯ ಜನರ ಭಾವನೆಯು ಬದಲಾಗಿ, ಅನಾಥಪ್ರಾಣಿಗಳ ಆಶ್ರಯಗಳಿಂದ ತಂದು ಸಾಕುವುದೇ ಮೇಲೆಂಬ ಅಭಿಪ್ರಾಯ ಬೆಳೆದಿತ್ತು. ಆದುದರಿಂದ ಪ್ರಕಾಶಕರು ಪುಸ್ತಕದ ಕೊನೆಯಲ್ಲಿ ಕೆಲವು ಪುಟಗಳ ಟಿಪ್ಪಣಿಯನ್ನು ಸೇರಿಸಿ, ಆಶ್ರಯಗಳಿಂದ ಪ್ರಾಣಿಗಳನ್ನು ತರುವಂತೆ ಓದುಗರಿಗೆ ಸೂಚಿಸಿದ್ದಾರೆ. ಗ್ರಂಥಕರ್ತನು ತನ್ನ ಜೀವಿತದ ಉತ್ತರಾರ್ಧವನ್ನು ಕಳೆದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿಯೇ 2019ರ ಜನವರಿಯಿಂದ, ಆಶ್ರಯಗಳಿಂದ ಬಂದುವನ್ನು ಹೊರತು ಬೇರೆ ನಾಯಿ ಬೆಕ್ಕು ಮೊಲಗಳನ್ನು ಅಂಗಡಿಯಲ್ಲಿ ಮಾರಕೂಡದೆಂಬ ಕಾನೂನು ಜಾರಿಗೆ ಬಂದಿತು. ಚಿತ್ರದ ಅಂಗಡಿಯು ಹೀಗೆ ಆತನ ಸ್ವಂತ ನೆಲದಲ್ಲಿಯೇ ಹಳೆಯ ಸಂಗತಿಯಾಗಿದೆ. ಟಿಪ್ಪಣಿಯ ಉದ್ದೇಶ ಒಳ್ಳೆಯದು. ಆದರೆ ಬುಟ್ಟಿಯೊಳಗಿನ ಎರಡು ಕಣ್ಣುಗಳನ್ನು ಕಂಡು ಬೆರಗಾಗಿರುವ ಮಗುವಿಗೆ ಮರುಪುಟದಲ್ಲಿಯೇ ಹಿರಿಯರ ಉಪದೇಶವು ಎದುರಾಗುವುದು ರಸಕ್ಕೆ ಭಂಗ. ಔಚಿತ್ಯವು ಸ್ಥಳವನ್ನೂ ಕಾಲವನ್ನೂ ನೋಡುತ್ತದೆ. ಈ ಮಾತುಗಳನ್ನು ತಂದೆತಾಯಿಗಳಿಗಾಗಿ ಬೇರೆ ಹಾಳೆಯಲ್ಲಿ ಅಚ್ಚುಹಾಕಿದ್ದರೆ ಎರಡು ಕೆಲಸಗಳೂ ನೆರವೇರುತ್ತಿದ್ದವು.

ಇಲ್ಲಿ ಮತ್ತೊಂದು ದೊಡ್ಡ ಪ್ರಶ್ನೆ ಏಳುತ್ತದೆ. ಗ್ರಂಥಕರ್ತನು ತನ್ನ ಜೀವಿತಕಾಲದಲ್ಲಿ ಪ್ರಕಟಿಸದೆ ಇಟ್ಟುದನ್ನು ಉತ್ತರಾಧಿಕಾರಿಗಳು ಪ್ರಕಟಿಸಬಹುದೆ? ಅದೇ 2015ರ ಜುಲೈ ತಿಂಗಳಿನಲ್ಲಿ ಹಾರ್ಪರ್ ಲೀ ಎಂಬಾಕೆಯ ಹಳೆಯ ಹಸ್ತಪ್ರತಿಯೊಂದು ‘ಗೋ ಸೆಟ್ ಎ ವಾಚ್‌ಮನ್’ ಎಂಬ ಕಾದಂಬರಿಯಾಗಿ ಹೊರಬಂದು ಬಹಳ ವಾಗ್ವಾದಕ್ಕೆ ಎಡೆಗೊಟ್ಟಿತು. ಆಕೆ ಆಗ ಬದುಕಿದ್ದಳು, ಗೈಸೆಲನಾದರೋ ಇರಲಿಲ್ಲ. ಆತನು ಒಂದೊಂದು ಪುಸ್ತಕವನ್ನೂ ತಿಂಗಳುಗಟ್ಟಲೆ ತಿದ್ದುತ್ತಿದ್ದ ಲೇಖಕ. ಅಂತಹವನ ಕೈಯಿಂದ ಕೊನೆಯ ಒಪ್ಪಿಗೆಯನ್ನು ಪಡೆಯದ ಕೃತಿಯನ್ನು ಆತನ ಹೆಸರಿನಲ್ಲಿ, ಹತ್ತು ಲಕ್ಷ ಪ್ರತಿಗಳಲ್ಲಿ ಮಾರುವುದು ವ್ಯಾಪಾರವೇ ಹೊರತು ಸಾಹಿತ್ಯಸೇವೆಯಲ್ಲವೆಂದು ವಾದಿಸುವವರಿದ್ದಾರೆ. ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಎರಡು ಮಾತುಗಳನ್ನು ಎದುರಿಗೆ ಇಡಬೇಕು. ಮೊದಲನೆಯದು, ಆತನು ಇದನ್ನು ಹರಿದು ಬಿಸಾಡಲಿಲ್ಲ. ಚಿತ್ರಗಳನ್ನು ಮುಗಿಸಿ, ಪದ್ಯಗಳನ್ನು ಅಂಟಿಸಿ, ಜೋಪಾನವಾಗಿ ಇಟ್ಟಿದ್ದನು. ಎರಡನೆಯದು, ಸಂಪಾದಿಸಿದವರು ತಮ್ಮ ಕೈವಾಡವನ್ನು ಮುಚ್ಚಿಡಲಿಲ್ಲ. ಬಣ್ಣ ಯಾರದು, ಪಾಠವನ್ನು ಹೇಗೆ ಸಿದ್ಧಪಡಿಸಿದರು ಎಂಬುದನ್ನು ಪುಸ್ತಕದಲ್ಲಿಯೇ ತಿಳಿಸಿದ್ದಾರೆ. ಹಳಗನ್ನಡದ ಗ್ರಂಥಗಳನ್ನು ಓಲೆಯ ಪ್ರತಿಗಳಿಂದ ಸಂಪಾದಿಸಿದ ವಿದ್ವಾಂಸರು ಪಾಠಾಂತರಗಳನ್ನು ತೋರಿಸಿಯೇ ಮುಂದುವರಿಯುವ ಸಂಪ್ರದಾಯವನ್ನು ಬಲ್ಲವರಿಗೆ, ಈ ಪ್ರಾಮಾಣಿಕತೆಯ ಬೆಲೆ ತಿಳಿಯುತ್ತದೆ. ಒಂದರ ಮೇಲೊಂದು ಅಂಟಿಸಿದ ತುಂಡುಗಳಲ್ಲಿ ಯಾವುದನ್ನು ಉಳಿಸಬೇಕು ಎಂಬುದನ್ನು ನಿಶ್ಚಯಿಸಿದ ಆ ಕಲಾನಿರ್ದೇಶಕಿಯೂ ಅಂಗಡಿಯಲ್ಲಿ ನಿಂತ ಮಕ್ಕಳಂತೆಯೇ ಒಂದನ್ನು ಹಿಡಿದು ಉಳಿದುದನ್ನು ಬಿಡಬೇಕಾಯಿತು.

ಹಿಡಿದು ಬಿಡುವ ಈ ಕ್ರಿಯೆಯಲ್ಲಿಯೇ ಕೃತಿಯ ಜೀವವಿದೆ. ಮಕ್ಕಳ ಪುಸ್ತಕಗಳಲ್ಲಿ ಬಯಕೆಯು ಈಡೇರುವುದು ಸಾಮಾನ್ಯ. ಬಯಕೆಯು ಈಡೇರಬೇಕಾದರೆ ಉಳಿದ ಬಯಕೆಗಳನ್ನು ಕೈಬಿಡಬೇಕೆಂಬುದನ್ನು ಹೇಳುವ ಪುಸ್ತಕಗಳು ಕಡಮೆ. ನಾಯಿಯನ್ನು ಆರಿಸಿದ ಗಳಿಗೆಯಲ್ಲಿಯೇ ಮಗುವು ಬೆಕ್ಕನ್ನೂ ಮೊಲವನ್ನೂ ಮೀನನ್ನೂ ಕಳೆದುಕೊಳ್ಳುತ್ತದೆ. ಕಳೆದುಕೊಳ್ಳಲಾರೆನೆಂದು ನಿಂತರೆ ಮಧ್ಯಾಹ್ನವಾಗಿ, ಒಂದೂ ಸಿಕ್ಕುವುದಿಲ್ಲ. ಹಿರಿಯರ ಜೀವನದಲ್ಲಿ ವಿದ್ಯೆ, ಉದ್ಯೋಗ, ಊರು ಎಂಬ ಹೆಸರುಗಳಲ್ಲಿ ಬರುವ ಕಷ್ಟವೇ ಇಲ್ಲಿ ನಾಲ್ಕು ಕಾಲಿನ ಮೇಲೆ ಬಂದಿದೆ. ಗ್ರಂಥಕರ್ತನು ಇದನ್ನು ನೀತಿಯೆಂದು ಹೇಳುವುದಿಲ್ಲ. ಕಾಲದ ಮಿತಿಯೊಂದನ್ನೂ ಸಂಖ್ಯೆಯ ಮಿತಿಯೊಂದನ್ನೂ ಇಟ್ಟು, ಮಕ್ಕಳನ್ನು ಅವುಗಳ ನಡುವೆ ಬಿಟ್ಟು, ತಾನು ಸರಿದುಕೊಳ್ಳುತ್ತಾನೆ.

ಹೀಗಾಗಿ ಕೊನೆಯ ಚಿತ್ರವನ್ನು ಕುರಿತು ಏಳುವ ಆಕ್ಷೇಪಕ್ಕೆ ಉತ್ತರವು ಕೃತಿಯಲ್ಲಿಯೇ ದೊರೆಯುತ್ತದೆ. ಆರಿಸಿದ ಪ್ರಾಣಿಯನ್ನು ತೋರಿಸದಿರುವುದು ವಂಚನೆಯೆಂದೂ, ಮುಕ್ತಾಯವು ಹೊಳೆಯದೆ ಮರೆಮಾಚಿದ ಉಪಾಯವೆಂದೂ ಆಕ್ಷೇಪಿಸಬಹುದು. ಆದರೆ ಬುಟ್ಟಿಯಲ್ಲಿ ನಾಯಿಯನ್ನು ತೋರಿಸಿದ್ದರೆ ಪುಸ್ತಕವು ನಾಯಿಯನ್ನು ಹೊಗಳಿದಂತಾಗುತ್ತಿತ್ತು. ಬೆಕ್ಕನ್ನು ಬಯಸಿದ ಮಗುವು ಸೋತು ಹೋಗುತ್ತಿತ್ತು. ಯಾವುದನ್ನು ಆರಿಸಿದರೆಂಬುದು ಮುಖ್ಯವಲ್ಲ, ಆರಿಸಿದರೆಂಬುದು ಮುಖ್ಯ. ಅದೂ ಅಲ್ಲದೆ, ಅಲ್ಲಿಯವರೆಗೆ ಪುಟಪುಟದಲ್ಲಿಯೂ ಮಕ್ಕಳು ಪ್ರಾಣಿಗಳನ್ನು ನೋಡುತ್ತಿದ್ದರು. ಕೊನೆಯ ಪುಟದಲ್ಲಿ ಪ್ರಾಣಿಯೇ ಹೊರಗೆ ನೋಡುತ್ತದೆ. ಅದುವರೆಗೆ ಸರಕಾಗಿದ್ದುದು ಆ ಎರಡು ಕಣ್ಣುಗಳಿಂದ ಜೀವವಾಗುತ್ತದೆ. ಅದಕ್ಕೂ ಒಂದು ಕುತೂಹಲವುಂಟು, ತನ್ನನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂಬ ಪ್ರಶ್ನೆಯುಂಟು. ಅಂಗಡಿಯ ವಿಷಯದಲ್ಲಿ ಪ್ರಕಾಶಕರು ಟಿಪ್ಪಣಿಯಿಂದ ಹೇಳಲು ಹೊರಟುದನ್ನು ಚಿತ್ರಗಾರನು ಎರಡು ಚುಕ್ಕೆಗಳಿಂದ ಮೊದಲೇ ಹೇಳಿದ್ದಾನೆ. ಕೃತಿಯು ತನ್ನ ಬಡತನವನ್ನೆಲ್ಲ ಈ ಒಂದು ಪುಟದಲ್ಲಿ ತೀರಿಸಿಕೊಳ್ಳುತ್ತದೆಂದರೆ ಅತಿಶಯೋಕ್ತಿಯಲ್ಲ.

ಇಂತಹ ಪುಸ್ತಕವನ್ನು ಕನ್ನಡಕ್ಕೆ ತರಬೇಕೆಂದು ಹೊರಟವನಿಗೆ ಎದುರಾಗುವ ಕಷ್ಟಗಳು ವಿಚಾರಯೋಗ್ಯವಾಗಿವೆ. ಮೊದಲನೆಯ ಕಷ್ಟವು ಪ್ರಾಸದ್ದು. ಇಂಗ್ಲಿಷಿನ ಶಿಶುಪದ್ಯವು ಅಂತ್ಯಪ್ರಾಸದಿಂದ ಜೀವಿಸುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ, ಬಂದಿತು ನಿಂದಿತು ಎಂಬ ಬಗೆಯ ಅಂತ್ಯಪ್ರಾಸವು ಪ್ರಯತ್ನವಿಲ್ಲದೆಯೇ ದೊರೆಯುತ್ತದೆ; ಪ್ರಯತ್ನವಿಲ್ಲದೆ ದೊರೆತುದರಲ್ಲಿ ಬೆರಗಿಲ್ಲ. ಬೆರಗಿಲ್ಲದೆಡೆಯಲ್ಲಿ ಮಗುವಿನ ಊಹೆಗೂ ಕೆಲಸವಿಲ್ಲ. ಆದುದರಿಂದ ಅನುವಾದಕನು ನಾಮಪದವನ್ನು ಸಾಲಿನ ಕೊನೆಗೆ ತಂದು ನಿಲ್ಲಿಸಬೇಕು. ಹಾಗೆ ಮಾಡಿದರೆ ಭಾಷೆಯು ಉದಾರವಾಗಿಯೇ ಒದಗುತ್ತದೆ. ನಾಯಿಗೆ ತಾಯಿ ಬಾಯಿಗಳಿವೆ. ಬೆಕ್ಕಿಗೆ ಸೊಕ್ಕು ದಿಕ್ಕುಗಳಿವೆ. ಮೊಲಕ್ಕೆ ಹೊಲ ನೆಲಗಳೂ, ಮೀನಿಗೆ ಜೇನು ಬಾನುಗಳೂ ಇವೆ. ಎರಡಕ್ಷರದ ಇಂತಹ ಮಾತುಗಳಲ್ಲಿ ಎರಡನೆಯ ಅಕ್ಷರವೇ ಕೊನೆಯ ಅಕ್ಷರವೂ ಆಗುವುದರಿಂದ, ಹಳಗನ್ನಡದ ಆದಿಪ್ರಾಸವೂ ಹೊಸಗನ್ನಡದ ಅಂತ್ಯಪ್ರಾಸವೂ ಒಂದೇ ಮಾತಿನಲ್ಲಿ ಕೂಡಿಕೊಳ್ಳುತ್ತವೆ. ಕನ್ನಡದ ಮಗುವಿಗೆ ಈ ಪ್ರಾಸಗಳು ಇಂಗ್ಲಿಷಿನವುಗಳಿಗಿಂತ ಹೆಚ್ಚು ಇಂಪಾಗಿ ಕೇಳಿಸಿದರೂ ಕೇಳಿಸಬಹುದು.

ಎರಡನೆಯ ಕಷ್ಟವು ಸಂದರ್ಭದ್ದು. ಕನ್ನಡನಾಡಿನ ಹಳೆಯ ಮನೆಗಳಲ್ಲಿ ಪ್ರಾಣಿಯನ್ನು ಆರಿಸಿ ತರುವ ಪದ್ಧತಿಯು ವಿರಳ. ಕರುವು ಕೊಟ್ಟಿಗೆಯಲ್ಲಿ ಹುಟ್ಟುತ್ತದೆ. ಬೆಕ್ಕು ಹಿತ್ತಲಿನಿಂದ ತಾನಾಗಿ ಬಂದು ಒಲೆಯ ಬಳಿ ಮಲಗುತ್ತದೆ. ನಾಯಿಯು ಬೀದಿಯಿಂದ ಯಾರನ್ನೋ ಹಿಂಬಾಲಿಸಿ ಬಂದು ಜಗಲಿಯಲ್ಲಿ ಬೀಡುಬಿಡುತ್ತದೆ. ಆರಿಸುವ ಅಧಿಕಾರವು ಬಹುಮಟ್ಟಿಗೆ ಪ್ರಾಣಿಯದು. ಈಗ ಪಟ್ಟಣಗಳಲ್ಲಿ ಮೀನಿನ ತೊಟ್ಟಿಯೂ ಪಂಜರದ ಹಕ್ಕಿಯೂ ಜಾತಿಯ ನಾಯಿಯೂ ಅಂಗಡಿಗಳಲ್ಲಿ ಸಿಕ್ಕುವುದರಿಂದ ಕಥೆಯು ಅರ್ಥವಾಗದೆ ಹೋಗುವುದಿಲ್ಲ. ಆದರೂ ರೂಪಾಂತರವು ಭಾಷಾಂತರಕ್ಕಿಂತ ಮೇಲೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಕುವೆಂಪು ಅವರು ಬ್ರೌನಿಂಗನ ಕವನವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಾಗಿ ಮಾಡಿದಾಗ ಜರ್ಮನಿಯ ಊರು ಮಾಯವಾಗಿ ಕನ್ನಡದ ಹಳ್ಳಿಯೊಂದು ಎದ್ದುನಿಂತಿತು, ಇಲಿಗಳು ಮಾತ್ರ ಕುಂದಿಲ್ಲದೆ ಉಳಿದವು. ಪ್ರಕೃತ ಕೃತಿಯಲ್ಲಿಯೂ ಅಂಗಡಿಯನ್ನು ಬಿಟ್ಟು ಸಂತೆಯನ್ನೋ ಹಿತ್ತಲನ್ನೋ ಹಿಡಿದರೆ ಹಾನಿಯಿಲ್ಲ. ಬಿಡಬಾರದುದು ಒಂದೇ ಪ್ರಾಣಿ ಎಂಬ ನಿಯಮ, ಮಧ್ಯಾಹ್ನವೆಂಬ ಗಡುವು, ಬುಟ್ಟಿಯ ಎರಡು ಕಣ್ಣು.

ಕಷ್ಟಗಳ ಜೊತೆಗೆ ಕನ್ನಡವು ಮೂಲಕ್ಕೆ ಇಲ್ಲದ ಒಂದು ಅನುಕೂಲವನ್ನೂ ಒದಗಿಸುತ್ತದೆ. ಸಾಕು ಎಂಬ ಮಾತಿಗೆ ಪೋಷಿಸು ಎಂಬ ಅರ್ಥವೂ ಉಂಟು, ಇನ್ನು ಬೇಡ ಎಂಬ ಅರ್ಥವೂ ಉಂಟು. ಪ್ರಾಣಿಯನ್ನು ಸಾಕು ಎಂದರೆ ಆಜ್ಞೆ. ಒಂದು ಸಾಕು ಎಂದರೆ ತೃಪ್ತಿ. ಗ್ರಂಥಕರ್ತನು ಮೂವತ್ತು ಚಿಲ್ಲರೆ ಪುಟಗಳಲ್ಲಿ ಹೇಳಿದುದನ್ನು ಕನ್ನಡವು ಈ ಒಂದು ಶ್ಲೇಷದಲ್ಲಿ ಅಡಗಿಸಿಕೊಂಡಿದೆ. ಸಾಕೆನ್ನಲಾರದವನು ಸಾಕಲಾರನು, ಎಲ್ಲವೂ ಬೇಕೆಂದು ಅಂಗಡಿಯಲ್ಲಿಯೇ ನಿಂತವನ ಕೈಯಲ್ಲಿ ಯಾವ ಜೀವವೂ ಬೆಳೆಯುವುದಿಲ್ಲ. ಜಾಣನಾದ ಅನುವಾದಕನು ಈ ಮಾತನ್ನು ಉಪದೇಶವಾಗಿ ಅಲ್ಲದೆ, ಮಕ್ಕಳ ಬಾಯಲ್ಲಿ ಪಲ್ಲವಿಯಾಗಿ ಇಟ್ಟರೆ ಕನ್ನಡದ ಪುಸ್ತಕವು ಮೂಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಸಂಭವವೂ ಇದೆ.

ಒಟ್ಟಿನಲ್ಲಿ ಇದು ಡಾಕ್ಟರ್ ಸೂಸನ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ನಿಲ್ಲತಕ್ಕುದಲ್ಲ. ಕಲ್ಪನೆಯು ಪೂರ್ತಿಯಾಗಿ ಅರಳಿಲ್ಲ, ಪಾತ್ರವೊಂದು ಅರ್ಧದಲ್ಲಿಯೇ ಉಳಿದಿದೆ, ಅಂಗಡಿಯು ಹಳೆಯದಾಗಿದೆ. ಆದರೆ ಮಗುವಿನ ಮನಸ್ಸಿನ ಒಂದು ನಿಜವಾದ ಇಕ್ಕಟ್ಟನ್ನು ಹಿಡಿದು, ಅದನ್ನು ಕಿರಿದುಮಾಡದೆ, ಅದರ ಮೇಲೆ ನಗುವಿನ ಬೆಳಕನ್ನು ಬಿಟ್ಟಿರುವ ಕೃತಿಯಿದು. ಮನೆಯಲ್ಲಿ ಐದಾರು ವರ್ಷದ ಮಕ್ಕಳಿರುವವರು ಇದನ್ನು ಅವರೊಡನೆ ಕುಳಿತು ಓದಿ, ಕೊನೆಯ ಪುಟದಲ್ಲಿ ಬುಟ್ಟಿಯೊಳಗೆ ಇರುವುದು ಯಾವುದೆಂದು ಕೇಳಬೇಕು. ಒಂದೊಂದು ಮಗುವೂ ಒಂದೊಂದು ಉತ್ತರವನ್ನು ಕೊಡುತ್ತದೆ. ಕೊಟ್ಟ ಉತ್ತರವನ್ನು ಸುಲಭವಾಗಿ ಬಿಟ್ಟುಕೊಡುವುದೂ ಇಲ್ಲ. ಆ ವಾದವನ್ನು ಎಬ್ಬಿಸುವ ಶಕ್ತಿಯಿರುವವರೆಗೆ ಈ ಪುಸ್ತಕಕ್ಕೆ ಮಕ್ಕಳ ಕಪಾಟಿನಲ್ಲಿ ಸ್ಥಳವುಂಟು.